ಉಪ್ಪುನೀರಿನಲ್ಲಿ ಸಣ್ಣ ದೋಣಿ ಇಟ್ಟುಕೊಂಡವರಿಗೆ: ಇಂಜಿನ್, ಪೆಟ್ರೋಲ್, ಬ್ಯಾಟರಿ, ಲಂಗರು

ಮಂಗಳೂರಿನಿಂದ ಕಾರವಾರದವರೆಗೆ ಹೊಳೆಬದಿಯಲ್ಲಿ ಮನೆಯಿರುವ ಕೆಲವರು ಸುತ್ತಾಡಲು, ಗಾಳ ಹಾಕಲು ಅಂತಲೇ ಸಣ್ಣ ಫೈಬರ್ ದೋಣಿ ಇಟ್ಟುಕೊಂಡಿರುತ್ತಾರೆ. 14ರಿಂದ 18 ಅಡಿ ಉದ್ದ, ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ 9.9, 15 ಅಥವಾ 25 ಎಚ್‌ಪಿಯ ಔಟ್‌ಬೋರ್ಡ್ ಇಂಜಿನ್. ಈ ಬರಹ ಅವರಿಗಾಗಿ. ಹೊಸದಾಗಿ ಕೊಳ್ಳಬೇಕು ಅಂದುಕೊಂಡವರೂ ಓದಿ, ಯಾಕಂದರೆ ದೋಣಿಯ ಬೆಲೆ ಕೇಳಿದಷ್ಟು ಸುಲಭವಾಗಿ ಅದರ ಚಾಕರಿ ಎಷ್ಟು ಅಂತ ಯಾರೂ ಕೇಳುವುದಿಲ್ಲ.

ಹೊಸಬರು ಸಾಮಾನ್ಯವಾಗಿ ಅಕ್ಕಪಕ್ಕದ ಮೀನುಗಾರರನ್ನು ನೋಡಿ ಕಲಿಯುತ್ತಾರೆ. ಕಲಿಯಲೇಬೇಕು. ಅಳಿವೆ, ಗಾಳಿ, ಮರಳು ದಿಬ್ಬ ಇವುಗಳ ಬಗ್ಗೆ ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ಆದರೆ ಇಂಜಿನ್ ವಿಷಯದಲ್ಲಿ ಅವರ ಪದ್ಧತಿ ನಮಗೆ ಪೂರ್ತಿ ಹೊಂದುವುದಿಲ್ಲ. ನಾಡದೋಣಿಯ ಇಂಜಿನ್ ಸೀಸನ್ನಿನಲ್ಲಿ ಹೆಚ್ಚುಕಡಿಮೆ ದಿನಾ ಓಡುತ್ತದೆ. ಅದರಲ್ಲಿ ಪೆಟ್ರೋಲ್ ಹಳತಾಗುವುದಕ್ಕೆ ಸಮಯವಿಲ್ಲ, ಉಪ್ಪು ಒಣಗಿ ಗಟ್ಟಿಯಾಗುವುದಕ್ಕೂ ಇಲ್ಲ. ನಮ್ಮದು ಎರಡು ವಾರ ನಿಂತಿರುತ್ತದೆ, ಕೆಲವೊಮ್ಮೆ ಎರಡು ತಿಂಗಳು. ನಮ್ಮ ಮುಕ್ಕಾಲು ತೊಂದರೆ ಹುಟ್ಟುವುದು ಆ ನಿಂತ ದಿನಗಳಲ್ಲೇ. ಹಾಗಾಗಿ ಮುಂದೆ ಹೇಳುವುದರಲ್ಲಿ ಬಹಳಷ್ಟು, ದೋಣಿಯನ್ನು ಹೇಗೆ ನಿಲ್ಲಿಸಬೇಕು ಅನ್ನುವುದರ ಬಗ್ಗೆಯೇ ಇದೆ.

ವಾಪಸ್ ಬಂದ ಮೇಲಿನ ಅರ್ಧ ಗಂಟೆ

ಔಟ್‌ಬೋರ್ಡ್‌ಗೆ ಕಾರಿನ ಹಾಗೆ ರೇಡಿಯೇಟರ್ ಇಲ್ಲ. ಹೊರಗಿನ ನೀರನ್ನೇ ಕೆಳಗಿನ ಜಾಲರಿಯಿಂದ ಎಳೆದುಕೊಂಡು ತಂಪಾಗುತ್ತದೆ. ಇಂಪೆಲ್ಲರ್ ಅನ್ನುವ ಸಣ್ಣ ರಬ್ಬರ್ ಚಕ್ರ ಆ ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಿಲಿಂಡರಿನ ಸುತ್ತಲಿರುವ ಇಕ್ಕಟ್ಟಾದ ದಾರಿಗಳಲ್ಲಿ ಹರಿದು ನೀರು ಹೊರಗೆ ಬೀಳುತ್ತದೆ. ಅಂದರೆ ಸಮುದ್ರದಲ್ಲಿ ಓಡಿಸಿದಷ್ಟು ಹೊತ್ತೂ ಇಂಜಿನ್ನಿನ ಒಳಗೆ ಉಪ್ಪುನೀರು ಹರಿಯುತ್ತಲೇ ಇರುತ್ತದೆ. ನಿಲ್ಲಿಸಿದ ಮೇಲೆ ಒಳಗೆ ಉಳಿದದ್ದು ಬಿಸಿ ಲೋಹದ ಮೇಲೆ ಆರಿ, ಉಪ್ಪು ಹರಳುಗಟ್ಟುತ್ತದೆ. ಒಂದು ಸಲಕ್ಕೆ ಏನೂ ಆಗುವುದಿಲ್ಲ. ಒಂದು ಸೀಸನ್ ಹೀಗೇ ಬಿಟ್ಟರೆ ದಾರಿಗಳು ಕಟ್ಟಿಕೊಳ್ಳುತ್ತವೆ, ಬಿಸಿಯಾದಾಗ ನೀರಿಗೆ ದಾರಿ ತೆರೆಯುವ ಥರ್ಮೋಸ್ಟಾಟ್ ಅಂಟಿಕೊಳ್ಳುತ್ತದೆ, ಒಂದು ದಿನ ಸಮುದ್ರದ ನಡುವೆ ಇಂಜಿನ್ ಕಾದು ನಿಲ್ಲುತ್ತದೆ.

ಅದಕ್ಕೇ ಪ್ರತಿ ಸಲ, ಒಂದು ಸಲವೂ ತಪ್ಪಿಸದೆ, ಸಿಹಿನೀರಿನಲ್ಲಿ ತೊಳೆಯಬೇಕು. ಇದಕ್ಕೆ ಮೂರು ದಾರಿಗಳಿವೆ. ಸಣ್ಣ ಇಂಜಿನ್ ಆದರೆ ಕಳಚಿ ತಂದು ಮರದ ಸ್ಟ್ಯಾಂಡಿಗೆ ಸಿಕ್ಕಿಸಿ, ಮೇಲ್ಭಾಗ ಕತ್ತರಿಸಿದ ಡ್ರಮ್ಮಿನ ನೀರಿನಲ್ಲಿ ಕೆಳಭಾಗ ಮುಳುಗಿಸಿ ಓಡಿಸುವುದು ಒಂದು. ಪ್ರೊಪೆಲ್ಲರ್ ಮೇಲಿನ ಚಪ್ಪಟೆ ತಟ್ಟೆ ಮುಳುಗುವಷ್ಟು ನೀರಿರಬೇಕು. ಎರಡನೆಯದು ಇಯರ್ ಮಫ್. ಎರಡು ರಬ್ಬರ್ ಬಟ್ಟಲುಗಳನ್ನು ಜಾಲರಿಗಳ ಮೇಲೆ ಕೂರಿಸಿ ಪೈಪ್ ಜೋಡಿಸಿ, ನೀರು ಬಿಟ್ಟ ಮೇಲೆಯೇ ಇಂಜಿನ್ ಸ್ಟಾರ್ಟ್ ಮಾಡುವುದು. ಮೂರನೆಯದು, ಹೊಸ ಇಂಜಿನ್‌ಗಳಲ್ಲಿ ಪೈಪ್ ತಿರುಗಿಸಿ ಕೂರಿಸಲು ಒಂದು ಜಾಗ ಕೊಟ್ಟಿರುತ್ತಾರೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಬಹಳ ಮಾಡೆಲ್‌ಗಳಲ್ಲಿ ಆ ಮೂರನೆಯ ದಾರಿ ಇಂಜಿನ್ ಆಫ್ ಇದ್ದಾಗ ಮಾತ್ರ ಬಳಸುವಂಥದ್ದು, ಯಾಕಂದರೆ ಅಲ್ಲಿ ಬಿಟ್ಟ ನೀರು ಇಂಪೆಲ್ಲರ್‌ಗೆ ಸಾಕಾಗುವಷ್ಟು ತಲುಪುವುದಿಲ್ಲ. ಕೈಪಿಡಿ ತೆರೆದು ನಿಮ್ಮ ಇಂಜಿನ್‌ಗೆ ಏನು ಹೇಳಿದ್ದಾರೆ ನೋಡಿ.

ನನ್ನ ಮಟ್ಟಿಗೆ ಡ್ರಮ್ಮೇ ಒಳ್ಳೆಯದು. ನ್ಯೂಟ್ರಲ್‌ನಲ್ಲಿ ಹತ್ತು ನಿಮಿಷ ನಿಧಾನವಾಗಿ ಓಡಲಿ. ಇಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್ ತೆರೆದರೆ ಮಾತ್ರ ಸಿಹಿನೀರು ಎಲ್ಲ ಮೂಲೆಗೂ ಹೋಗುತ್ತದೆ, ಎರಡು ನಿಮಿಷ ಓಡಿಸಿ ನಿಲ್ಲಿಸಿದರೆ ಅದು ತೊಳೆದ ಹಾಗಲ್ಲ. ಡ್ರಮ್ಮಾಗಲಿ ಮಫ್ಫಾಗಲಿ, ಪ್ರೊಪೆಲ್ಲರ್ ಬಿಚ್ಚಿಟ್ಟು ಓಡಿಸಿ, ಮಕ್ಕಳು ಹತ್ತಿರ ಬರದ ಹಾಗೆ ನೋಡಿಕೊಳ್ಳಿ. ನೀರಿಲ್ಲದೆ "ಸ್ಟಾರ್ಟ್ ಆಗುತ್ತಾ ನೋಡೋಣ" ಅಂತ ಒಂದೇ ಒಂದು ಸಲವೂ ಎಳೆಯಬೇಡಿ. ಒಣಗಿದ ಇಂಪೆಲ್ಲರ್ ಕೆಲವೇ ಸೆಕೆಂಡುಗಳಲ್ಲಿ ಸುಡಲು ಶುರುವಾಗುತ್ತದೆ.

ಇನ್ನೊಂದು ವಿಷಯ. ಹೊಳೆಬದಿಯ ಎಷ್ಟೋ ಬಾವಿಗಳ ನೀರು ಏಪ್ರಿಲ್, ಮೇ ಹೊತ್ತಿಗೆ ಉಪ್ಪಾಗುತ್ತದೆ ಅಲ್ವಾ? ಆ ನೀರಿನಲ್ಲಿ ತೊಳೆದರೆ ಪ್ರಯೋಜನ ಅರ್ಧಕ್ಕಿಳಿಯುತ್ತದೆ. ಬಾಯಿಗೆ ಒಂದು ಹನಿ ಹಾಕಿ ನೋಡಿ, ಉಪ್ಪು ಗೊತ್ತಾದರೆ ನಲ್ಲಿ ನೀರು ತುಂಬಿಸಿಕೊಳ್ಳಿ.

ತೊಳೆಯುವಾಗ ಕವರ್ ಕೆಳಗಿನಿಂದ ಚಿಮ್ಮುವ ಸಣ್ಣ ನೀರಿನ ಧಾರೆಯ ಮೇಲೆ ಕಣ್ಣಿಡಿ. ಸಮುದ್ರದಲ್ಲೂ ಅಷ್ಟೇ. ಅದು ಜೋರಾಗಿ ಬರುತ್ತಿದ್ದರೆ ಇಂಪೆಲ್ಲರ್ ಸರಿ ಇದೆ ಅಂತ ಅರ್ಥ. ಧಾರೆ ಸಣ್ಣಗಾದರೆ ಮೊದಲು ಆ ತೂತಿಗೇ ಮರಳು ಕಟ್ಟಿರಬಹುದು, ಇಲ್ಲವೇ ಹುಳ ಗೂಡು ಕಟ್ಟಿರಬಹುದು. ದಪ್ಪ ಗಾಳದ ದಾರ ತೂರಿಸಿ ಬಿಡಿಸಿ, ತಂತಿ ಹಾಕಬೇಡಿ. ಆಮೇಲೂ ಸರಿಯಾಗದಿದ್ದರೆ ಇಂಪೆಲ್ಲರ್ ಬದಲಿಸುವ ಕಾಲ ಬಂದಿದೆ. ನಮ್ಮ ಹೊಳೆಗಳಲ್ಲಿ ಮರಳು, ಕೆಸರು ಜಾಸ್ತಿ. ಹಾಗಾಗಿ ನಾನು ವರ್ಷಕ್ಕೊಮ್ಮೆ, ಕೆಡಲಿ ಕೆಡದಿರಲಿ, ಬದಲಿಸಿ ಅಂತಲೇ ಹೇಳುತ್ತೇನೆ. ಹಳೆಯದರ ರೆಕ್ಕೆ ಒಂದೆರಡು ಮುರಿದು ಕಾಣೆಯಾಗಿದ್ದರೆ ಆ ತುಂಡುಗಳನ್ನು ಹುಡುಕಿ ತೆಗೆಯಿರಿ. ಬಿಟ್ಟರೆ ಅವೇ ಮೇಲೆ ಹೋಗಿ ದಾರಿ ಮುಚ್ಚುತ್ತವೆ.

ಕೊನೆಗೆ ಇಂಜಿನ್ನನ್ನು ನೇರವಾಗಿ ನಿಲ್ಲಿಸಿ, ಒಳಗಿನ ನೀರು ಪೂರ್ತಿ ಸೋರಿ ಹೋಗಲಿ. ಅಡ್ಡ ಮಲಗಿಸುವುದಾದರೆ ನೀರು ಇಳಿದ ಮೇಲೆ, ಕೈಪಿಡಿಯಲ್ಲಿ ಹೇಳಿದ ಬದಿಗೇ ಮಲಗಿಸಿ. ನಾಲ್ಕು ಸ್ಟ್ರೋಕಿನದನ್ನು ತಪ್ಪು ಬದಿಗೆ ಮಲಗಿಸಿದರೆ ಆಯಿಲ್ ಸಿಲಿಂಡರಿಗೆ ಹೋಗುತ್ತದೆ.

ಪೆಟ್ರೋಲ್

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಔಟ್‌ಬೋರ್ಡ್ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಶೇ. 10ರವರೆಗೆ ಅಂತ ಬರೆದಿರುತ್ತಾರೆ. ದಿನಾ ಓಡುವ ಕಾರಿನಲ್ಲಿ ಹೇಗೋ ನಡೆಯುತ್ತದೆ. ದೋಣಿಯ ಕಥೆ ಬೇರೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಕರಾವಳಿಯ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ನೀರು ಒಂದು ಮಿತಿ ದಾಟಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪೈಪ್ ಪೆಟ್ರೋಲ್ ಎಳೆಯುವುದೂ ತಳದಿಂದಲೇ. ಎರಡು ಸ್ಟ್ರೋಕಿನ ಇಂಜಿನ್ ಆದರೆ ಇನ್ನೂ ಕೆಟ್ಟದ್ದು, ಯಾಕಂದರೆ ಆ ತಳದ ನೀರಿನಲ್ಲಿ ಇಂಜಿನ್ ಆಯಿಲ್ ಇರುವುದಿಲ್ಲ, ಅದು ಮೇಲಿನ ಪೆಟ್ರೋಲಿನಲ್ಲೇ ಉಳಿದಿರುತ್ತದೆ.

ಇದಕ್ಕೆ ಪರಿಹಾರ ಸರಳ, ಆದರೆ ಬೇಜಾರಿಲ್ಲದೆ ಮಾಡಬೇಕು. ಆ ದಿನಕ್ಕೆ ಬೇಕಾದಷ್ಟೇ ಪೆಟ್ರೋಲ್ ತನ್ನಿ, ಜೊತೆಗೆ ಮೀಸಲು. ಉಳಿದದ್ದನ್ನು, ಎರಡು ಸ್ಟ್ರೋಕಿಗೆಂದು ಆಯಿಲ್ ಬೆರೆಸಿದ್ದಲ್ಲದಿದ್ದರೆ, ಮನೆಗೆ ತಂದು ಬೈಕಿಗೋ ಕಾರಿಗೋ ಹಾಕಿ ಮುಗಿಸಿ. ಮೂರು ವಾರಕ್ಕಿಂತ ಹಳೆಯ ಪೆಟ್ರೋಲ್ ಹಾಕಿಕೊಂಡು ಅಳಿವೆ ದಾಟಬೇಡಿ. ಟ್ಯಾಂಕಿಗೂ ಇಂಜಿನ್‌ಗೂ ನಡುವೆ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ. 10 ಮೈಕ್ರಾನಿನದು, ಕೆಳಗೆ ಪಾರದರ್ಶಕ ಬಟ್ಟಲು ಇರುವಂಥದ್ದು ಸಿಕ್ಕಿದರೆ ಒಳ್ಳೆಯದು, ನೀರು ನಿಂತದ್ದು ಕಣ್ಣಿಗೇ ಕಾಣುತ್ತದೆ. ದೋಣಿಗೆ ಹಾಕಿಸುವ ಸಾಮಾನುಗಳಲ್ಲಿ ಕೊಟ್ಟ ಹಣಕ್ಕೆ ಇಷ್ಟು ಉಪಕಾರ ಮಾಡುವ ಇನ್ನೊಂದು ಸಾಮಾನು ನನಗೆ ಗೊತ್ತಿಲ್ಲ.

ಎರಡು ಸ್ಟ್ರೋಕಿನ ಇಂಜಿನ್‌ಗೆ ಆಯಿಲ್ ಬೆರೆಸುವಾಗ ಟಿಸಿ-ಡಬ್ಲ್ಯೂ3 ಅಂತ ಬರೆದಿರುವ ಆಯಿಲನ್ನೇ ತನ್ನಿ. ಬೈಕಿನ 2ಟಿ ಆಯಿಲ್ ಬೇರೆ, ಅದು ಗಾಳಿಯಿಂದ ತಂಪಾಗುವ, ಜಾಸ್ತಿ ಬಿಸಿಯಲ್ಲಿ ಓಡುವ ಇಂಜಿನ್‌ಗೆ ಮಾಡಿದ್ದು. 50:1 ಅಂದರೆ ಲೀಟರಿಗೆ 20 ಮಿಲಿ. ಕೆಲವು ಮಾಡೆಲ್‌ಗಳಿಗೆ 100:1 ಅಂತಲೂ ಇದೆ, ಹೊಸ ಇಂಜಿನ್ ಪಳಗುವವರೆಗೆ ಜಾಸ್ತಿ ಆಯಿಲ್ ಬೇಕು. ಇದನ್ನೆಲ್ಲ ಯಾರನ್ನೋ ಕೇಳುವ ಬದಲು ಕೈಪಿಡಿಯಲ್ಲೇ ನೋಡಿ. ನಾಡದೋಣಿಯವರು ಸೀಮೆಎಣ್ಣೆ ಹಾಕುತ್ತಾರಲ್ಲ, ನಾವೂ ಹಾಕಬಹುದಾ ಅಂತ ಕೇಳುವವರಿದ್ದಾರೆ. ಅವರದು ಸೀಮೆಎಣ್ಣೆಗೆಂದೇ ಮಾಡಿದ ಇಂಜಿನ್. ನಿಮ್ಮದು ಪೆಟ್ರೋಲಿನದಾದರೆ ಬೇಡ.

ತುಂಬಿಸುವಾಗ ಟ್ಯಾಂಕನ್ನು ದೋಣಿಯಿಂದ ಕೆಳಗಿಳಿಸಿ ನೆಲದ ಮೇಲಿಟ್ಟು ತುಂಬಿಸಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಚೆಲ್ಲಿದ ಪೆಟ್ರೋಲಿನ ಆವಿ ದೋಣಿಯ ತಳದಲ್ಲಿ ಹೋಗಿ ಕೂರುತ್ತದೆ, ಅಲ್ಲೇ ಬ್ಯಾಟರಿ ಇರುತ್ತದೆ. ಕೈಗೆ ಸಿಗುವ ಹಾಗೆ ಒಂದು ಎಬಿಸಿ ಪೌಡರಿನ ಬೆಂಕಿ ನಂದಕ ಇರಲಿ.

ಸ್ಟಾರ್ಟ್ ಆಗದಿದ್ದರೆ, ಅಥವಾ ಆಗಿ ನಿಂತುಬಿಟ್ಟರೆ

ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಈ ಕ್ರಮದಲ್ಲಿ ನೋಡಿ. ಹಗ್ಗ ಕಿತ್ತರೆ ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಕೆಂಪು ಹಗ್ಗದ ಕ್ಲಿಪ್ ಜಾಗದಲ್ಲಿದೆಯಾ? ಗೇರ್ ನ್ಯೂಟ್ರಲ್‌ನಲ್ಲಿದೆಯಾ? ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ತೆರೆದಿದೆಯಾ? ಈ ತಿರುಪು ಮುಚ್ಚಿದ್ದರೆ ಇಂಜಿನ್ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ, ಐದು ಹತ್ತು ನಿಮಿಷ ಓಡುತ್ತದೆ, ಟ್ಯಾಂಕಿನೊಳಗೆ ಗಾಳಿ ಇಲ್ಲದೆ ಪೆಟ್ರೋಲ್ ಬರುವುದು ನಿಂತು ನಡು ಹೊಳೆಯಲ್ಲಿ ನಿಲ್ಲುತ್ತದೆ. ಪೆಟ್ರೋಲ್ ಪೈಪಿನ ನಡುವೆ ಇರುವ, ಒತ್ತಿ ಪೆಟ್ರೋಲ್ ತುಂಬಿಸುವ ರಬ್ಬರ್ ಬಲ್ಬ್ ಒಳಗೆ ಸೊರಗಿ ಚಪ್ಪಟೆಯಾಗಿದ್ದರೆ ಕಾರಣ ಇದೇ. ಬಲ್ಬ್ ಎಷ್ಟು ಒತ್ತಿದರೂ ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಥವಾ ಸೋರುತ್ತಿದೆ. ಪೈಪಿನ ಎರಡೂ ತುದಿಯ ಕನೆಕ್ಟರ್, ಅದರೊಳಗಿನ ರಬ್ಬರ್ ಉಂಗುರ ನೋಡಿ. ಬಲ್ಬಿನ ಮೇಲಿನ ಬಾಣದ ಗುರುತು ಇಂಜಿನ್ ಕಡೆಗಿರಬೇಕು.

ಇದೆಲ್ಲ ಸರಿಯಿದ್ದರೆ ಪ್ಲಗ್ ಬಿಚ್ಚಿ. ಒದ್ದೆಯಾಗಿದ್ದರೆ ಚೋಕ್ ಜಾಸ್ತಿಯಾಗಿದೆ, ಒರೆಸಿ, ಚೋಕ್ ಇಲ್ಲದೆ ಎಳೆಯಿರಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಎರಡು ತಿಂಗಳು ನಿಂತ ಕಾರ್ಬ್ಯುರೇಟರ್ ಇಂಜಿನ್‌ನಲ್ಲಿ ಇದಕ್ಕೆ ಕಾರಣ ಬಹುತೇಕ ಒಂದೇ, ಒಳಗೆ ಉಳಿದಿದ್ದ ಪೆಟ್ರೋಲ್ ಆರಿ ಅಂಟಾಗಿ, ಪೆಟ್ರೋಲ್ ಹಾಯುವ ಜೆಟ್ಟಿನ ಸಣ್ಣ ತೂತು ಮುಚ್ಚಿದೆ. ಬಿಚ್ಚಿ ತೊಳೆಯಬೇಕು. ಇದು ಬರದ ಹಾಗೆ ಮಾಡುವುದು ಸುಲಭ. ಪ್ರತಿ ಸಲ ತೊಳೆಯುವಾಗ ಕೊನೆಯಲ್ಲಿ ಪೆಟ್ರೋಲ್ ಪೈಪ್ ಕಳಚಿ, ನೀರು ಬಿಟ್ಟುಕೊಂಡೇ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಲು ಬಿಡಿ. ಕಾರ್ಬ್ಯುರೇಟರ್ ಕೆಳಗಿನ ತಿರುಪು ಬಿಚ್ಚಿ ಉಳಿದ ಹನಿಯನ್ನೂ ಇಳಿಸಿದರೆ ಇನ್ನೂ ಒಳ್ಳೆಯದು. ಇದು ಕಾರ್ಬ್ಯುರೇಟರ್ ಇಂಜಿನ್‌ಗೆ ಮಾತ್ರ, ಫ್ಯೂಯಲ್ ಇಂಜೆಕ್ಷನ್ ಇರುವುದಕ್ಕೆ ಹೀಗೆ ಮಾಡಬೇಡಿ.

ದೋಣಿಯಲ್ಲಿ ಯಾವಾಗಲೂ ಇರಬೇಕಾದದ್ದು: ಪ್ಲಗ್ ಮತ್ತು ಅದರ ಪಾನಾ, ಪ್ರೊಪೆಲ್ಲರಿನ ನಟ್ಟು ಮತ್ತು ಪಿನ್, ಕೈಯಿಂದ ಎಳೆದು ಸ್ಟಾರ್ಟ್ ಮಾಡುವ ಹಗ್ಗ, ಇಕ್ಕಳ, ಒಂದು ಹರಿತವಾದ ಚಾಕು. ಚಾಕು ಯಾಕೆ ಅಂದರೆ ಬಲೆಯ ತುಂಡು, ತೇಲುವ ಹಗ್ಗ ಯಾವತ್ತಾದರೂ ಪ್ರೊಪೆಲ್ಲರಿಗೆ ಸುತ್ತಿಯೇ ಸುತ್ತುತ್ತದೆ. ಕತ್ತರಿಸುವ ಮೊದಲು ಕಿಲ್ ಸ್ವಿಚ್ಚಿನ ಹಗ್ಗ ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ಜೊತೆಗೆ ಎರಡು ಹುಟ್ಟು. ಇಂಜಿನ್ ಇದೆಯಲ್ಲ ಅಂತ ಹುಟ್ಟು ಮನೆಯಲ್ಲಿಟ್ಟು ಬರುವವರನ್ನು ನೋಡಿದರೆ ನನಗೆ ನಿಜವಾಗಿಯೂ ಭಯವಾಗುತ್ತದೆ.

ತೆಳು ಗಾಳದ ದಾರದ ಬಗ್ಗೆ ಇನ್ನೊಂದು ಮಾತು. ಅದು ಸುತ್ತಿದ್ದು ಕಣ್ಣಿಗೆ ಕಾಣುವುದಿಲ್ಲ. ಪ್ರೊಪೆಲ್ಲರಿನ ಹಿಂದೆ ಹೋಗಿ ಶಾಫ್ಟಿನ ರಬ್ಬರ್ ಸೀಲನ್ನು ನಿಧಾನವಾಗಿ ಕೊಯ್ಯುತ್ತದೆ. ಆಮೇಲೆ ಗೇರ್ ಬಾಕ್ಸಿಗೆ ನೀರು ಹೋಗುತ್ತದೆ. ಆಗಾಗ ಪ್ರೊಪೆಲ್ಲರ್ ಬಿಚ್ಚಿ ನೋಡಿ, ಶಾಫ್ಟಿಗೆ ಮರೈನ್ ಗ್ರೀಸ್ ಹಚ್ಚಿ ಕೂರಿಸಿ. ಗೇರ್ ಆಯಿಲ್ ಇಳಿಸಿದಾಗ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿದೆ ಅಂತಲೇ ತಿಳಿಯಿರಿ. ಹೊಸ ಆಯಿಲ್ ಹಾಕುವುದು ಕೆಳಗಿನ ತೂತಿನಿಂದ, ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಬರುವವರೆಗೆ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿಯುತ್ತದೆ. ತಿರುಪಿನ ವಾಷರ್ ಪ್ರತಿ ಸಲ ಹೊಸದಿರಲಿ.

ಇಂಜಿನ್ ಕೆಳಭಾಗದಲ್ಲಿ ಬೂದು ಬಣ್ಣದ ಲೋಹದ ತುಂಡು ಕಾಣುತ್ತದಲ್ಲ, ಅದು ಆನೋಡ್. ಉಪ್ಪುನೀರು ಅಲ್ಯೂಮಿನಿಯಂ ಭಾಗವನ್ನು ತಿನ್ನುವ ಬದಲು ಇದನ್ನು ತಿನ್ನಲಿ ಅಂತ ಇಟ್ಟದ್ದು. ಅರ್ಧ ಸವೆದಾಗ ಬದಲಿಸಿ, ಅದರ ಮೇಲೆ ಪೇಂಟ್ ಮಾತ್ರ ಬಳಿಯಬೇಡಿ. ಸಮುದ್ರಕ್ಕೆ ಸತುವಿನದು ಆಗುತ್ತದೆ. ಹೊಳೆ, ಅಳಿವೆಯ ಬೆರಕೆ ನೀರಿಗೆ ಅಲ್ಯೂಮಿನಿಯಂ ಆನೋಡ್ ಒಳ್ಳೆಯದು.

ಬ್ಯಾಟರಿ ಮತ್ತು ನೀರೆತ್ತುವ ಪಂಪ್

ಲೆಡ್ ಆಸಿಡ್ ಬ್ಯಾಟರಿ ಖಾಲಿಯಾಗಿ ನಿಂತಷ್ಟು ದಿನ ಸಾಯುತ್ತಾ ಹೋಗುತ್ತದೆ. ಒಂದು ಸಾಮಾನ್ಯ ಮಲ್ಟಿಮೀಟರ್ ಕೊಂಡಿಟ್ಟುಕೊಳ್ಳಿ. ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟು ನೋಡಿದಾಗ 12.6, 12.7 ವೋಲ್ಟ್ ಇದ್ದರೆ ತುಂಬಿದೆ. 12.4ಕ್ಕೆ ಇಳಿದರೆ ಚಾರ್ಜಿಗೆ ಹಾಕಿ. 12ರಲ್ಲಿ ತಿಂಗಳುಗಟ್ಟಲೆ ಬಿಟ್ಟ ಬ್ಯಾಟರಿ ಮತ್ತೆ ಮೊದಲಿನಂತಾಗುವುದಿಲ್ಲ. ದೋಣಿ ಇಳಿಸದ ದಿನಗಳಲ್ಲಿ ಬ್ಯಾಟರಿಯನ್ನು ಕಳಚಿ ಮನೆಗೆ ತನ್ನಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಟರ್ಮಿನಲ್‌ಗೆ ವ್ಯಾಸಲಿನ್ ಹಚ್ಚಿ.

ವೈರಿಂಗ್ ಅನ್ನು ಮನೆ ವೈರ್‌ನಿಂದ ಮಾಡಿಸಬೇಡಿ. ಬರಿ ತಾಮ್ರದ ಎಳೆಗಳಿಗೆ ಉಪ್ಪು ಗಾಳಿ ತಾಗಿದರೆ ವೈರಿನ ಒಳಗೇ ಕಪ್ಪಾಗುತ್ತಾ, ಹಸಿರಾಗುತ್ತಾ ಹೋಗುತ್ತದೆ, ಹೊರಗಿನ ಪ್ಲಾಸ್ಟಿಕ್ ಮಾತ್ರ ಚೆನ್ನಾಗಿ ಕಾಣುತ್ತಿರುತ್ತದೆ. ತವರ ಲೇಪಿಸಿದ ಮರೈನ್ ವೈರ್ ಸಿಗುತ್ತದೆ, ಅದನ್ನೇ ತರಿಸಿ. ಜೋಡಣೆಗೆ ಸುಮ್ನೆ ತಿರುಚಿ ಟೇಪ್ ಸುತ್ತುವುದು ಬೇಡ, ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ತಾಗಿದರೆ ಬಿಗಿಯುವ ಕೊಳವೆ) ಹಾಕಿಸಿ. ಬ್ಯಾಟರಿಯಿಂದ ಹೊರಡುವ ಪ್ರತಿ ಪಾಸಿಟಿವ್ ವೈರಿಗೂ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ. ಇಂಜಿನ್ ಸ್ಟಾರ್ಟರಿನ ದಪ್ಪ ಕೇಬಲ್ ಇದಕ್ಕೆ ಸೇರುವುದಿಲ್ಲ.

ದೋಣಿಯೊಳಗೆ ಬಂದ ನೀರನ್ನು ಹೊರಹಾಕುವ ಸಣ್ಣ ಪಂಪಿನ ಡಬ್ಬಿಯ ಮೇಲೆ ಗಂಟೆಗೆ 500 ಗ್ಯಾಲನ್ ಅಂತ ಬರೆದಿರುತ್ತದೆ. ಲೆಕ್ಕ ಹಾಕಿದರೆ ನಿಮಿಷಕ್ಕೆ ಸುಮಾರು 31 ಲೀಟರ್, ಅದೂ ನೀರನ್ನು ಮೇಲಕ್ಕೆತ್ತುವ ಕೆಲಸವಿಲ್ಲದಿದ್ದಾಗ. ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗೆ ಒಂದು ಇಂಚಿನ ತೂತು ಬಿದ್ದರೆ ನಿಮಿಷಕ್ಕೆ 40 ಲೀಟರಿಗೂ ಜಾಸ್ತಿ ನೀರು ಒಳಗೆ ಬರುತ್ತದೆ. ಅಂದರೆ ಈ ಪಂಪ್ ಮಳೆನೀರಿಗೆ, ಅಲೆ ಸಿಡಿದ ನೀರಿಗೆ ಸಾಕು, ತೂತಿಗೆ ಸಾಲದು. ದೊಡ್ಡ ಪಂಪ್ ಹಾಕಿಸಿ, ಜೊತೆಗೆ ಒಂದು ಬಕೆಟ್ ಹಗ್ಗ ಕಟ್ಟಿ ಇಟ್ಟಿರಿ. ಹಿಂಬದಿಯ ನೀರು ಬಿಡುವ ತೂತಿನ ಬಿರಡೆ ಹಾಕಿದ್ದೀರಾ ಅಂತ ದೋಣಿ ನೀರಿಗೆ ತಾಗುವ ಮೊದಲು ಕೈಯಿಂದ ಮುಟ್ಟಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಒಂದು ಬಿರಡೆ ಹೆಚ್ಚಿಗೆ ಇರಲಿ.

ಲಂಗರು

ಮರಳು, ಕೆಸರಿನ ತಳಕ್ಕೆ ಎರಡು ಚಪ್ಪಟೆ ರೆಕ್ಕೆಯ ಡ್ಯಾನ್‌ಫೋರ್ತ್ ಮಾದರಿ ಚೆನ್ನಾಗಿ ಹಿಡಿಯುತ್ತದೆ. ಕಲ್ಲಿನ ತಳಕ್ಕೆ ನಾಲ್ಕು ಕೊಕ್ಕೆಯದು. ಕಲ್ಲಿನಲ್ಲಿ ಅದು ಸಿಕ್ಕಿಬೀಳುವ ಸಾಧ್ಯತೆ ಇರುವುದರಿಂದ ಅದರ ಕೊಕ್ಕೆಗಳಿರುವ ತಲೆಗೆ ಇನ್ನೊಂದು ಸಣ್ಣ ಹಗ್ಗ ಕಟ್ಟಿ ಅದರ ತುದಿಗೆ ತೇಲುವ ಏನಾದರೂ ಕಟ್ಟಿಡಿ. ಹಿಂದಿನಿಂದ ಎಳೆದರೆ ಬಿಟ್ಟುಕೊಳ್ಳುತ್ತದೆ.

ಲಂಗರು ಜಾರಿತು ಅನ್ನುವವರಲ್ಲಿ ಹೆಚ್ಚಿನವರು ಹಗ್ಗ ಕಡಿಮೆ ಬಿಟ್ಟಿರುತ್ತಾರೆ. ಲಂಗರು ಹಿಡಿಯುವುದು ಅಡ್ಡಕ್ಕೆ ಎಳೆದಾಗ, ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ಆಳದ ಐದು ಪಟ್ಟು ಹಗ್ಗ ಬಿಡಿ, ಗಾಳಿ ಇದ್ದರೆ ಏಳು ಪಟ್ಟು. ಆಳ ಅಂದರೆ ಈಗಿನ ನೀರಿನ ಆಳವಷ್ಟೇ ಅಲ್ಲ, ದೋಣಿಯ ಮೂತಿ ನೀರಿನಿಂದ ಎಷ್ಟು ಮೇಲಿದೆಯೋ ಅದನ್ನೂ, ಉಬ್ಬರದಲ್ಲಿ ಏರುವ ನೀರನ್ನೂ ಸೇರಿಸಬೇಕು. 3 ಮೀಟರ್ ನೀರು, ಮೂತಿಗೆ ಅರ್ಧ ಮೀಟರ್, ಉಬ್ಬರಕ್ಕೆ ಒಂದೂವರೆ ಅಂತ ಹಿಡಿದರೆ ಒಟ್ಟು 5 ಮೀಟರ್. ಅಂದರೆ 25 ಮೀಟರ್ ಹಗ್ಗ. ಲಂಗರಿನ ತುದಿಗೆ ದೋಣಿಯಷ್ಟು ಉದ್ದದ ಚೈನ್ ಇದ್ದರೆ ಎಳೆತ ಅಡ್ಡಕ್ಕೇ ಇರುತ್ತದೆ. ಹಗ್ಗ ನೈಲಾನಿನದಿರಲಿ. ಅದು ಹಿಗ್ಗುತ್ತದೆ, ಮುಳುಗುತ್ತದೆ. ಅಗ್ಗದ ಪಾಲಿಪ್ರೊಪಿಲೀನ್ ಹಗ್ಗ ತೇಲಿ ಪ್ರೊಪೆಲ್ಲರಿಗೆ ಸಿಗುತ್ತದೆ, ಬಿಸಿಲಿಗೆ ಪುಡಿಯಾಗುತ್ತದೆ. ಹಗ್ಗ ಕಟ್ಟುವುದು ಯಾವಾಗಲೂ ಮೂತಿಗೆ. ಹಿಂಬದಿಗೆ ಕಟ್ಟಿದರೆ ಇಂಜಿನ್ ಭಾರಕ್ಕೆ ಮೊದಲೇ ತಗ್ಗಿರುವ ಕಡೆಯಿಂದ ಅಲೆ ಒಳಗೆ ನುಗ್ಗುತ್ತದೆ.

ಹೊರಡುವ ಮುನ್ನ

ಒಳ್ಳೆಯ ಸೀಸನ್ನಿನಲ್ಲೂ ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ಗಾಳಿ ಏಳುತ್ತದೆ. ಬೆಳಗ್ಗೆ ಕನ್ನಡಿಯಂತಿದ್ದ ನೀರು ಎರಡು ಗಂಟೆಗೆ ಬೇರೆಯೇ ಆಗಿರುತ್ತದೆ. ಬೆಳಕು ಹರಿಯುವಾಗ ಹೊರಟು, ಹನ್ನೊಂದರೊಳಗೆ ವಾಪಸ್ ಬರುವ ಲೆಕ್ಕ ಹಾಕಿ.

ಅಳಿವೆ ಇನ್ನೂ ದೊಡ್ಡ ವಿಷಯ. ಗಂಗೊಳ್ಳಿ, ಹಂಗಾರಕಟ್ಟೆ, ಹೊನ್ನಾವರ, ತದಡಿ, ಎಲ್ಲಿಯಾದರೂ ಸರಿ, ಹೊಳೆ ಸಮುದ್ರ ಸೇರುವ ಕಡೆ ಮರಳು ತುಂಬಿ ಆಳ ಕಡಿಮೆಯಾಗಿರುತ್ತದೆ. ಇಳಿತದ ನೀರು ರಭಸದಿಂದ ಹೊರಗೆ ಹರಿಯುವಾಗ ಎದುರಿನಿಂದ ಸಮುದ್ರದ ಅಲೆ ಬಂದರೆ ಅಲೆಗಳು ಕಡಿದಾಗಿ ಎದ್ದು ಮುರಿಯುತ್ತವೆ. ಸಣ್ಣ ದೋಣಿ ಮಗುಚುವುದು ಇಲ್ಲೇ. ಉಬ್ಬರ ಏರುತ್ತಿರುವಾಗ ಅಥವಾ ತುಂಬಿ ನಿಂತಾಗ ದಾಟಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಇಳಿತ ದೊಡ್ಡದು, ಸೆಳೆತವೂ ಜಾಸ್ತಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ಹೋದ ವಾರದ ಹೊತ್ತು ಈ ವಾರಕ್ಕೆ ಆಗುವುದಿಲ್ಲ. ಮರಳು ದಿಬ್ಬ ಪ್ರತಿ ಮಳೆಗಾಲಕ್ಕೆ ಜಾಗ ಬದಲಿಸುತ್ತದೆ. ಮಳೆಗಾಲ ಕಳೆದು ಮೊದಲ ಸಲ ದಾಟುವಾಗ ಸ್ಥಳೀಯ ಮೀನುಗಾರರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಆಕಾಶ ತಿಳಿಯಾಗಿದೆ ಅಂತಲೂ ಹೊರಡಬೇಡಿ. ದೂರದ ದಕ್ಷಿಣದಲ್ಲಿ ಎದ್ದ ಬಿರುಗಾಳಿಯ ಅಲೆ ಕೆಲವು ದಿನಗಳಾದ ಮೇಲೆ ನಮ್ಮ ದಡಕ್ಕೆ ಬರುವುದುಂಟು, ಇಲ್ಲಿ ಆಗ ಗಾಳಿಯೇ ಇರುವುದಿಲ್ಲ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇದರ ಮುನ್ನೆಚ್ಚರಿಕೆ ಕೊಡುತ್ತದೆ, ಅಲೆಯ ಎತ್ತರ ಎಷ್ಟು ಅಂತಲೂ ಹೇಳುತ್ತದೆ. ಹಿಂದಿನ ರಾತ್ರಿ ಮತ್ತು ಬೆಳಗ್ಗೆ ಎರಡು ಸಲ ನೋಡಿ.

ಪೆಟ್ರೋಲಿನಲ್ಲಿ ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಇನ್ನೊಂದು ಭಾಗ ಮುಟ್ಟದೇ ಇಡಲು. ದಡದಲ್ಲಿರುವ ಒಬ್ಬರಿಗೆ ಎಲ್ಲಿಗೆ ಹೋಗುತ್ತಿದ್ದೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಅಂತ ಹೇಳಿ ಹೊರಡಿ. ಸಮುದ್ರದಲ್ಲಿ ಅಪಾಯವಾದರೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ಫೋನ್ ನೀರು ತಾಗದ ಚೀಲದಲ್ಲಿ ನಿಮ್ಮ ಕುತ್ತಿಗೆಯಲ್ಲೇ ಇರಲಿ.

ಲೈಫ್ ಜಾಕೆಟ್ ಸೀಟಿನ ಕೆಳಗಿದ್ದರೆ ಇಲ್ಲದ ಹಾಗೇ. ದೋಣಿ ಮಗುಚಿದ ಮೇಲೆ ಅದನ್ನು ತೊಟ್ಟುಕೊಳ್ಳಲು ಆಗುವುದಿಲ್ಲ. ಜಾಕೆಟ್ಟಿನ ತೇಲಿಸುವ ಬಲ 50 ನ್ಯೂಟನ್ ಅಂತ ಬರೆದದ್ದು ಈಜು ಬಲ್ಲವರಿಗೆ ದಡದ ಹತ್ತಿರ ಮಾತ್ರ. ಈಜು ಬಾರದವರಿಗೆ, ಸಮುದ್ರಕ್ಕೆ ಹೋಗುವವರಿಗೆ 100 ಅಥವಾ ಅದಕ್ಕಿಂತ ಹೆಚ್ಚಿನದು, ಸೀಟಿ ಇರುವಂಥದ್ದು. ಮಕ್ಕಳಿಗೆ ಅವರ ತೂಕದ ಅಳತೆಯದ್ದೇ ಬೇಕು, ಕಾಲ ನಡುವೆ ಪಟ್ಟಿ ಇರಬೇಕು, ಇಲ್ಲದಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ಬಂದು ಮಗು ಕೆಳಗೆ ಜಾರುತ್ತದೆ. ಕಿಲ್ ಸ್ವಿಚ್ಚಿನ ಹಗ್ಗ ಓಡಿಸುವವರ ಕೈಗೋ ಕಾಲಿಗೋ ಕಟ್ಟಿರಲೇಬೇಕು. ಓಡಿಸುವವರು ನೀರಿಗೆ ಬಿದ್ದರೆ ಹಿಡಿಯುವವರಿಲ್ಲದ ದೋಣಿ ವೃತ್ತ ಹೊಡೆದು ಅವರ ಮೇಲೆಯೇ ಬರುತ್ತದೆ. ಈ ಒಂದು ವಿಷಯದಲ್ಲಿ ಯಾರ ಮುಲಾಜೂ ನೋಡಬೇಡಿ, ಅಪ್ಪನೇ ಓಡಿಸುತ್ತಿದ್ದರೂ ಕಟ್ಟಿಸಿ.

ಇಂಜಿನ್ ಇರುವ ದೋಣಿಗೆ ನೋಂದಣಿ ಬೇಕು, ಹೊಳೆಯಲ್ಲಿ ಓಡಿಸುವುದಕ್ಕೂ ಬೇಕು. ಒಳನಾಡಿನ ನೀರಿಗೆ 2021ರ ಇನ್‌ಲ್ಯಾಂಡ್ ವೆಸೆಲ್ಸ್ ಕಾಯ್ದೆ ಇದೆ. ಹತ್ತಿರದ ಬಂದರು ಕಚೇರಿಯಲ್ಲಿ ವಿಚಾರಿಸಿ, ಇಂಜಿನ್ನಿನ ಸೀರಿಯಲ್ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ. ಇಂಜಿನ್ ಕಳುವಾದರೆ ಪೊಲೀಸರು ಮೊದಲು ಕೇಳುವುದು ಅದನ್ನೇ.

ಮಳೆಗಾಲಕ್ಕೆ ಮೇಲೆತ್ತುವುದು

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಸುತ್ತಾಡುವ ದೋಣಿಯನ್ನಂತೂ ಮೇ ಕೊನೆಯ ವಾರವೇ ಎತ್ತಿಬಿಡಿ, ಸೆಪ್ಟೆಂಬರ್ ಕಳೆಯುವವರೆಗೆ ಇಳಿಸುವ ಯೋಚನೆ ಬೇಡ.

ಇಂಜಿನ್ ಕೊನೆಯ ಸಲ ಚೆನ್ನಾಗಿ ತೊಳೆದು, ಕಾರ್ಬ್ಯುರೇಟರ್ ಖಾಲಿ ಮಾಡಿ, ಪ್ಲಗ್ ಬಿಚ್ಚಿ ಸಿಲಿಂಡರಿಗೆ, ಒಳಗೆ ತುಕ್ಕು ಹಿಡಿಯದ ಹಾಗೆ ಕಾಯುವ ಫಾಗಿಂಗ್ ಆಯಿಲ್ ಹೊಡೆದು, ಕೈಯಿಂದ ಮೆಲ್ಲಗೆ ಎರಡು ಮೂರು ಸಲ ತಿರುಗಿಸಿ, ಪ್ಲಗ್ ಹಾಕಿ. ಗೇರ್ ಆಯಿಲ್ ಈಗಲೇ ಬದಲಿಸಿ. ಒಳಗೆ ನೀರಿದ್ದರೆ ನಾಲ್ಕು ತಿಂಗಳು ಅದು ಬೇರಿಂಗ್ ತಿನ್ನುತ್ತಾ ಕೂರುವುದು ಬೇಡ. ಇಂಜಿನ್ ನೇರವಾಗಿ, ಮನೆಯೊಳಗೆ, ಗಾಳಿಯಾಡುವ ಜಾಗದಲ್ಲಿರಲಿ. ಪ್ಲಾಸ್ಟಿಕ್ ಸುತ್ತಿ ಕಟ್ಟಿದರೆ ಒಳಗೇ ಬೆವರುತ್ತದೆ, ಹಳೆಯ ಬಟ್ಟೆ ಹೊದಿಸಿದರೆ ಸಾಕು.

ದೋಣಿಯನ್ನು ತೆಂಗಿನ ಮರದ ಕೆಳಗೆ ಇಡಬೇಡಿ. ಒಂದು ಕಾಯಿ ಬಿದ್ದರೆ ಫೈಬರ್ ಸೀಳುತ್ತದೆ. ಮಗುಚಿ ಹಾಕಲು ಆಗುವಷ್ಟು ಸಣ್ಣದಾದರೆ ಮಗುಚಿ, ದಿಮ್ಮಿಗಳ ಮೇಲೆ ಎತ್ತರಿಸಿ ಇಡಿ. ದೊಡ್ಡದಾದರೆ ಬಿರಡೆ ತೆಗೆದು, ಮೂತಿ ಎತ್ತರಿಸಿ, ಬಿದ್ದ ನೀರು ಹಿಂದಕ್ಕೆ ಹರಿದು ಹೋಗುವ ಹಾಗೆ ಇಡಿ. ಟಾರ್ಪಾಲನ್ನು ನಡುವೆ ಗಳು ಕೊಟ್ಟು ಇಳಿಜಾರು ಮಾಡಿ ಕಟ್ಟಿ. ಚಪ್ಪಟೆಯಾಗಿ ಕಟ್ಟಿದರೆ ನಮ್ಮ ಮಳೆಗೆ ಒಂದೇ ರಾತ್ರಿಯಲ್ಲಿ ನೀರು ತುಂಬಿ ಟಾರ್ಪಾಲೇ ಹರಿದುಹೋಗುತ್ತದೆ. ಇಲಿಗಳು ವೈರ್ ಕಡಿಯುತ್ತವೆ, ಲೈಫ್ ಜಾಕೆಟ್ ಒಳಗೆ ಗೂಡು ಕಟ್ಟುತ್ತವೆ. ಬಿಡಿ ಸಾಮಾನೆಲ್ಲ ಮನೆಗೆ ತನ್ನಿ.

ಫೈಬರ್ ಬಿರುಕಿನ ಕೆಲಸ ಮಳೆಗಾಲದಲ್ಲಿ ಮಾಡಿಸಬೇಡಿ. ತೇವದಲ್ಲಿ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ. ಬಿಸಿಲು ಬಂದು ದೋಣಿ ಚೆನ್ನಾಗಿ ಒಣಗಿದ ಮೇಲೆ, ಬಿರುಕಿನ ಸುತ್ತ ಅಗಲಕ್ಕೆ ಇಳಿಜಾರಾಗಿ ಉಜ್ಜಿ, ರೆಸಿನ್ ಹಚ್ಚಿ ಫೈಬರ್ ಮ್ಯಾಟ್ ಒಂದರ ಮೇಲೊಂದು ಕೂರಿಸಬೇಕು. ಉಜ್ಜುವಾಗ ಮಾಸ್ಕ್, ಕನ್ನಡಕ ಹಾಕಿಕೊಳ್ಳಿ. ಸ್ವತಃ ಮಾಡುವವರಿಗೆ ಒಂದು ಮಾತು, ಇದನ್ನು ದಯವಿಟ್ಟು ಎರಡು ಸಲ ಓದಿ. ಅಂಗಡಿಯಲ್ಲಿ ಪಾಲಿಯೆಸ್ಟರ್ ರೆಸಿನ್ ಜೊತೆ ಎರಡು ಬಾಟಲಿ ಕೊಡುತ್ತಾರೆ, ನೇರಳೆ ಬಣ್ಣದ ಕೋಬಾಲ್ಟ್ ಒಂದು, ನೀರಿನಂತಿರುವ ಹಾರ್ಡನರ್ ಇನ್ನೊಂದು. ಇವೆರಡನ್ನು ನೇರವಾಗಿ ಯಾವತ್ತೂ ಬೆರೆಸಬಾರದು. ಬೆಂಕಿ ಹೊತ್ತುತ್ತದೆ, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ಬಳಸುವಷ್ಟು ರೆಸಿನ್ ಬೇರೆ ತೆಗೆದುಕೊಂಡು ಹಾರ್ಡನರ್ ಸೇರಿಸಿ. ಎರಡಕ್ಕೂ ಬೇರೆ ಬೇರೆ ಅಳತೆ ಲೋಟ ಇರಲಿ, ಬಾಟಲಿಗಳನ್ನು ಬೇರೆ ಬೇರೆ ಕಡೆ ಇಡಿ.

ಮಳೆ ಮುಗಿದು ಮತ್ತೆ ಇಳಿಸುವಾಗ ಹೊಸ ಪೆಟ್ರೋಲ್, ಹೊಸ ಪ್ಲಗ್, ಹೊಸ ಇಂಪೆಲ್ಲರ್. ಪೆಟ್ರೋಲ್ ಪೈಪನ್ನು ಬಗ್ಗಿಸಿ ನೋಡಿ, ಬಿರುಕು ಕಂಡರೆ ಬದಲಿಸಿ. ಡ್ರಮ್ಮಿನಲ್ಲಿ ಓಡಿಸಿ ನೀರಿನ ಧಾರೆ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಮೊದಲ ದಿನ ಹೊಳೆಯೊಳಗೇ ಅರ್ಧ ಗಂಟೆ ನಿಧಾನವಾಗಿಯೂ ಜೋರಾಗಿಯೂ ಓಡಿಸಿ, ದಡಕ್ಕೆ ತಂದು, ಕವರ್ ತೆಗೆದು ಎಲ್ಲಾದರೂ ಪೆಟ್ರೋಲ್ ಜಿನುಗಿದೆಯಾ, ದೋಣಿಯ ತಳದಲ್ಲಿ ನೀರು ನಿಂತಿದೆಯಾ ನೋಡಿ. ಎರಡೂ ಇಲ್ಲದಿದ್ದರೆ ಮರುದಿನ ಅಳಿವೆ ದಾಟಬಹುದು.